ಸ್ಪಿಟ್‌ಫೈರ್ ಡ್ಯಾಶ್‌ಬೋರ್ಡ್: ಎರಡು ಮುಳ್ಳೂ ಒಟ್ಟಿಗೆ ಮೇಲೇರಿದರೆ ಎಲ್ಲಿ ನೋಡಬೇಕು?

ಪ್ರಶ್ನೆ: ನನ್ನ ಬಳಿ 1968ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3 ಇದೆ. ಮೀಟರುಗಳಿರುವ ಮರದ ಹಲಗೆಯ ವೆನೀರ್ (ಮೇಲೆ ಅಂಟಿಸಿದ ತೆಳು ಮರದ ಹಾಳೆ) ಎದ್ದು ಬಂದಿತ್ತು. ಬಿಚ್ಚಿಸಿ ಹೊಸದು ಹಾಕಿಸಿ ಪಾಲಿಶ್ ಮಾಡಿಸಿದೆ, ಜೊತೆಯಲ್ಲೇ ಸ್ಪೀಡೋ ಕೇಬಲ್ಲನ್ನೂ ಬದಲಾಯಿಸಿದೆ. ಅಲ್ಲಿಂದಾಚೆಗೆ ಕೀ ಆನ್ ಮಾಡಿದ ಒಂದು ನಿಮಿಷಕ್ಕೆ ಪೆಟ್ರೋಲ್ ಮುಳ್ಳು ಫುಲ್ ದಾಟಿ ನಿಲ್ಲುತ್ತದೆ, ಟ್ಯಾಂಕಿನಲ್ಲಿ ಇರುವುದು ಅರ್ಧ. ಟೆಂಪರೇಚರ್ ಮುಳ್ಳು ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಕೆಂಪಿನ ಹತ್ತಿರ ಹೋಗುತ್ತದೆ, ಆದರೆ ನೀರು ಕುದಿಯುವುದಿಲ್ಲ. ಸ್ಪೀಡೋ ಮುಳ್ಳು 30–40 ಮೈಲಿ ನಡುವೆ ಕುಣಿಯುತ್ತದೆ, ಆರ್‌ಪಿಎಂ ಮೀಟರು ಕಿರ್ ಎನ್ನುತ್ತದೆ. ಎಲ್ಲ ಮೀಟರೂ ಹೋಗಿವೆ, ಇಂಗ್ಲೆಂಡಿನಿಂದ ಹೊಸ ಸೆಟ್ ತರಿಸಿ ಎಂದು ಗ್ಯಾರೇಜಿನಲ್ಲಿ ಹೇಳುತ್ತಿದ್ದಾರೆ. ತರಿಸಲೇ?
— ಓದುಗರು, ತುಮಕೂರು

ಉತ್ತರ: ಸದ್ಯಕ್ಕೆ ಏನನ್ನೂ ತರಿಸಬೇಡಿ. ನಾಲ್ಕು ಮೀಟರು ಒಂದೇ ವಾರದಲ್ಲಿ ತಾವಾಗಿ ಕೆಡುವುದಿಲ್ಲ. ಹಲಗೆ ಬಿಚ್ಚಿ ಮತ್ತೆ ಕೂರಿಸಿದ ಮೇಲೆ ಶುರುವಾದ ತೊಂದರೆ ಎಂದು ನೀವೇ ಬರೆದಿದ್ದೀರಿ, ಅರ್ಧ ಉತ್ತರ ಅಲ್ಲೇ ಇದೆ. ನಿಮ್ಮದು ಎರಡು ಬೇರೆ ಬೇರೆ ತೊಂದರೆ. ಪೆಟ್ರೋಲ್ ಮತ್ತು ಟೆಂಪರೇಚರ್ ಕರೆಂಟಿನ ಮೀಟರು, ಸ್ಪೀಡೋ ಮತ್ತು ಆರ್‌ಪಿಎಂ ಕೇಬಲ್ಲಿನ ಮೀಟರು. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ‘ಎಲ್ಲ ಹೋಗಿವೆ’ ಎಂಬ ಮಾತು ಬಂದಿದೆ.

ಮೊದಲು ಕರೆಂಟಿನವು. ಈ ಕಾಲದ ಸ್ಮಿತ್ಸ್ ಕಂಪನಿಯ ಮೀಟರಿನೊಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇರುತ್ತದೆ. ಅದರ ಸುತ್ತ ಸಣ್ಣ ತಂತಿ ಸುತ್ತಿರುತ್ತಾರೆ. ತಂತಿಯಲ್ಲಿ ಕರೆಂಟು ಹರಿದಾಗ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಮುಳ್ಳನ್ನು ತಳ್ಳುತ್ತದೆ. ಕೀ ಆನ್ ಮಾಡಿದಾಗ ಮುಳ್ಳು ಥಟ್ಟನೆ ಏಳದೆ ಅರ್ಧ ನಿಮಿಷ ತೆಗೆದುಕೊಂಡು ನಿಧಾನವಾಗಿ ಏರುವುದು ಇದರಿಂದಲೇ. ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ಅಳೆಯುವ ಯೂನಿಟ್ಟು ಅಥವಾ ಇಂಜಿನ್ನಿನಲ್ಲಿ ನೀರಿನ ಬಿಸಿ ಅಳೆಯುವ ಟೆಂಪರೇಚರ್ ಸೆಂಡರು ಎಷ್ಟು ಕರೆಂಟನ್ನು ಅರ್ತಿಗೆ, ಅಂದರೆ ಗಾಡಿಯ ಲೋಹದ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಗೆ, ಬಿಡುತ್ತದೋ ಮುಳ್ಳು ಅಷ್ಟು ಏರುತ್ತದೆ. ಬ್ಯಾಟರಿಯ ವೋಲ್ಟೇಜು ಇಂಜಿನ್ ನಿಂತಾಗ 12, ಓಡುವಾಗ 14 ಎಂದು ಏರಿಳಿದರೆ ಮೀಟರಿನ ಲೆಕ್ಕವೂ ಏರಿಳಿಯುತ್ತದೆ. ಅದಕ್ಕೇ ಎರಡೂ ಮೀಟರಿಗೆ ಸೇರಿ ಒಂದು ಸಣ್ಣ ಸ್ಟೆಬಿಲೈಸರ್ ಇಟ್ಟಿದ್ದಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ತಗಡಿನ ಡಬ್ಬಿ, ಸಾಮಾನ್ಯವಾಗಿ ಸ್ಪೀಡೋ ಮೀಟರಿನ ಬೆನ್ನಿಗೇ ಸ್ಕ್ರೂ ಹಾಕಿರುತ್ತದೆ. ಅದರ ಸರಾಸರಿ ಔಟ್‌ಪುಟ್ 10 ವೋಲ್ಟ್.

ಸ್ಟೆಬಿಲೈಸರಿನೊಳಗೂ ಅದೇ ಬಗೆಯ ಪಟ್ಟಿ, ಅದಕ್ಕೊಂದು ಬಿಸಿ ಮಾಡುವ ಸುರುಳಿ, ತುದಿಯಲ್ಲಿ ಒಂದು ಜೊತೆ ಪಾಯಿಂಟು (ತಾಗಿದಾಗ ಕರೆಂಟು ಬಿಡುವ, ಬಿಟ್ಟಾಗ ತಡೆಯುವ ಲೋಹದ ತುದಿಗಳು). ಸುರುಳಿ ಬಿಸಿಯಾದರೆ ಪಟ್ಟಿ ಬಾಗಿ ಪಾಯಿಂಟು ಬಿಡುತ್ತದೆ, ತಣ್ಣಗಾದರೆ ಮತ್ತೆ ಕೂರುತ್ತದೆ. ಹೀಗೆ ಆನ್–ಆಫ್ ಆಗುತ್ತಲೇ ಸರಾಸರಿ 10 ವೋಲ್ಟ್ ಕೊಡುತ್ತದೆ. ಇನ್ನು ಮುಖ್ಯವಾದ ಮಾತು: ಆ ಸುರುಳಿಯ ಒಂದು ತುದಿ ಡಬ್ಬಿಯ ತಗಡಿಗೇ ಸೇರಿರುತ್ತದೆ. ಡಬ್ಬಿಗೆ ಅರ್ತ್ ಸಿಕ್ಕದಿದ್ದರೆ ಸುರುಳಿಯಲ್ಲಿ ಕರೆಂಟೇ ಹರಿಯುವುದಿಲ್ಲ, ಪಾಯಿಂಟು ಬಿಡುವುದೂ ಇಲ್ಲ. ಬ್ಯಾಟರಿಯ ಪೂರ್ತಿ ವೋಲ್ಟೇಜು ನೇರ ಮೀಟರಿಗೆ ಹೋಗುತ್ತದೆ. ಬಿಸಿ ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. 10ರ ಬದಲು 14 ವೋಲ್ಟ್ ಕೊಟ್ಟರೆ ಬಿಸಿ ಹೆಚ್ಚುಕಡಿಮೆ ಎರಡು ಪಟ್ಟು. ಅರ್ಧ ಟ್ಯಾಂಕು ಫುಲ್ ತೋರಿಸುವುದಕ್ಕೆ ಇಷ್ಟು ಸಾಕು.

ನಿಮ್ಮ ಗಾಡಿಯಲ್ಲಿ ಆಗಿರುವುದು ಬಹುತೇಕ ಇದೇ. ಮಾರ್ಕ್ 3ರಲ್ಲಿ ಮೀಟರುಗಳು ಡ್ಯಾಶಿನ ನಡುವೆ ಮರದ ಹಲಗೆಯಲ್ಲಿ ಕೂತಿವೆ. ಮರಕ್ಕೆ ಕರೆಂಟು ಹರಿಯುವುದಿಲ್ಲ, ಆದ್ದರಿಂದ ಮೀಟರಿನ ಮೈಗೆ ಕಪ್ಪು ವೈರಿನಲ್ಲಿ ಅರ್ತ್ ಕೊಟ್ಟಿರಬೇಕು. ಹಲಗೆ ಬಿಚ್ಚುವಾಗ ಆ ವೈರು ಕಳಚಿ ಹಿಂದೆ ನೇತಾಡುತ್ತಿರಬಹುದು, ಇಲ್ಲವೇ ಅದರ ವಾಷರಿನಡಿ ಪಾಲಿಶ್ ಸೇರಿಕೊಂಡಿರಬಹುದು. ಇನ್ನೊಂದು ಸಾಧ್ಯತೆಯನ್ನು ಮೆಕ್ಯಾನಿಕ್ಕುಗಳು ಯೋಚಿಸುವುದೇ ಇಲ್ಲ: ಹಳೆಯ ಸ್ಪೀಡೋ ಕೇಬಲ್ಲಿನ ಹೊರಕವಚ ಲೋಹದ್ದು. ಕಪ್ಪು ವೈರು ಎಂದೋ ಹೋಗಿದ್ದರೂ ಗೇರ್‌ಬಾಕ್ಸಿನಿಂದ ಆ ಕವಚದ ಮೂಲಕವೇ ಸ್ಪೀಡೋಗೆ ಅರ್ತ್ ಸಿಗುತ್ತಿತ್ತು. ಈಗ ಪ್ಲಾಸ್ಟಿಕ್ ಕವಚದ ಹೊಸ ಕೇಬಲ್ ಬಂತು, ಆ ಕಳ್ಳದಾರಿ ಮುಚ್ಚಿತು.

ಪರೀಕ್ಷೆ ಸುಲಭ. ಒಂದು ಮಲ್ಟಿಮೀಟರ್, ಎರಡೂ ತುದಿಗೆ ಕ್ಲಿಪ್ ಇರುವ ಎರಡು ಮೀಟರ್ ಉದ್ದದ ವೈರು, 22, 68 ಮತ್ತು 270 ಓಮ್‌ನ ಒಂದೊಂದು ರೆಸಿಸ್ಟರ್ ಬೇಕು. ರೆಸಿಸ್ಟರ್ 1 ವ್ಯಾಟಿನದಾಗಿರಲಿ, ಕಾಲು ವ್ಯಾಟಿನದು ಕೈ ಸುಡುತ್ತದೆ. ಹಲಗೆಯ ಹಿಂದೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆಯಿರಿ, ಉಂಗುರ, ವಾಚು ಬಿಚ್ಚಿಡಿ. ಈ ಕಾಲದ ಗಾಡಿಗಳಲ್ಲಿ ಕಂದು ಮತ್ತು ಬಿಳಿ ವೈರುಗಳಿಗೆ ಫ್ಯೂಸೇ ಇಲ್ಲ, ಲೋಹದ ಬಾಡಿಗೆ ತಗುಲಿದರೆ ವೈರು ಹೊಗೆಯಾಡುತ್ತದೆ. ಮಾರ್ಕ್ 3 ಕಾರ್ಖಾನೆಯಿಂದ ಬಂದದ್ದು ನೆಗೆಟಿವ್ ಅರ್ತಿನಲ್ಲಿ, ಅದಕ್ಕೆ ಮೊದಲಿನವು ಪಾಸಿಟಿವ್ ಅರ್ತ್. ಹಿಂದಿನ ಮಾಲೀಕರು ಏನಾದರೂ ತಿರುಗಿಸಿದ್ದಾರೆಯೇ ಎಂದು ಬ್ಯಾಟರಿಯ ಯಾವ ಕಂಬ ಬಾಡಿಗೆ ಹೋಗಿದೆ ನೋಡಿ ಖಚಿತ ಮಾಡಿಕೊಳ್ಳಿ.

ಹಲಗೆಯ ಸ್ಕ್ರೂ ಬಿಚ್ಚಿ, ಕೇಬಲ್ಲಿನ ಕೈತಿರುಪಿನ ನಟ್ಟು ಸಡಿಲಿಸಿ, ಮುಂದಕ್ಕೆ ವಾಲಿಸಿ. ಸ್ಟೆಬಿಲೈಸರಿನ ‘ಬಿ’ ಗುರುತಿಗೆ ಹಸಿರು ವೈರು ಬರುತ್ತದೆ, ಅದು ಕೀ ಆನ್ ಆದಾಗ ಫ್ಯೂಸಿನಿಂದ ಬರುವ ಸಪ್ಲೈ. ‘ಐ’ ಗುರುತಿನಿಂದ ಎರಡೂ ಮೀಟರಿಗೆ ಹೋಗುತ್ತದೆ. ಮೀಟರಿನಿಂದ ಟ್ಯಾಂಕಿಗೆ ಹೋಗುವುದು ಕಪ್ಪು ಗೆರೆಯ ಹಸಿರು, ಇಂಜಿನ್ನಿಗೆ ಹೋಗುವುದು ನೀಲಿ ಗೆರೆಯ ಹಸಿರು. ನಮ್ಮಲ್ಲಿ ಐವತ್ತು ವರ್ಷ ಓಡಿದ ಗಾಡಿಯಲ್ಲಿ ಎಲ್ಲ ವೈರೂ ಕೆಂಪಾಗಿದ್ದರೆ ಆಶ್ಚರ್ಯವಿಲ್ಲ. ಆಗ ಬಣ್ಣ ನಂಬದೆ ಒಂದೊಂದೇ ಎಳೆದು ನೋಡಿ ಕಾಗದದ ಚೀಟಿ ಅಂಟಿಸಿ.

ಈಗ ಬ್ಯಾಟರಿ ಕೂಡಿಸಿ, ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿ. ಮಲ್ಟಿಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕೆಂಪು ಕಡ್ಡಿ ‘ಐ’ಗೆ. ಮೊದಲ ಕೆಲವು ಸೆಕೆಂಡು ಸತತ 12 ತೋರಿಸುವುದು ಸಹಜ, ಆಮೇಲೆ 0ಕ್ಕೂ 12ಕ್ಕೂ ಹಾರಾಡಬೇಕು. ಡಿಜಿಟಲ್ ಮೀಟರಿನಲ್ಲಿ ಅಂಕಿ ನಿಲ್ಲದಿರುವುದನ್ನು ನೋಡಿ ಕೆಟ್ಟಿದೆ ಎಂದುಕೊಳ್ಳಬೇಡಿ, ನಿಲ್ಲದಿರುವುದೇ ಆರೋಗ್ಯ. ಒಂದು ನಿಮಿಷವಾದರೂ 12 ಅಲುಗಾಡದಿದ್ದರೆ ಕ್ಲಿಪ್ಪಿನ ವೈರನ್ನು ಸ್ಟೆಬಿಲೈಸರಿನ ತಗಡಿನಿಂದ ನೇರ ಬ್ಯಾಟರಿಯ ನೆಗೆಟಿವ್‌ಗೆ ಹಾಕಿ. ಹಾರಾಟ ಶುರುವಾಯಿತೇ? ಹಾಗಿದ್ದರೆ ಅರ್ತೇ ತೊಂದರೆ. ಹಾಕಿದರೂ 12ರಲ್ಲೇ ನಿಂತಿದ್ದರೆ ಪಾಯಿಂಟು ಅಂಟಿದೆ ಅಥವಾ ಸುರುಳಿ ಕಡಿದಿದೆ, ಸ್ಟೆಬಿಲೈಸರ್ ಬದಲಿಸಬೇಕು. ‘ಬಿ’ಯಲ್ಲಿ 12 ಇದ್ದು ‘ಐ’ಯಲ್ಲಿ ಸೊನ್ನೆ ಇದ್ದರೆ ಪಾಯಿಂಟು ಸುಟ್ಟಿದೆ. ಆಗ ಎರಡು ಮುಳ್ಳೂ ಕೆಳಗೇ ಮಲಗಿರುತ್ತವೆ.

ಅರ್ತ್ ಸರಿಮಾಡಲು ಸ್ಪೀಡೋ ಮೈಯಿಂದ ಹೊಸ ಕಪ್ಪು ವೈರು ಎಳೆದು ಡ್ಯಾಶಿನ ಹಿಂದಿನ ಲೋಹದ ಚೌಕಟ್ಟಿಗೆ ಬೋಲ್ಟ್ ಹಾಕಿ. ಬೋಲ್ಟ್ ಕೂರುವ ಜಾಗದಲ್ಲಿ ಪೇಂಟನ್ನು ಉಪ್ಪುಕಾಗದದಿಂದ ಉಜ್ಜಿ ಬರೀ ಲೋಹ ಕಾಣಿಸಬೇಕು, ಬಿಗಿದ ಮೇಲೆ ಸ್ವಲ್ಪ ಗ್ರೀಸ್ ಸವರಿದರೆ ತುಕ್ಕು ಹಿಡಿಯುವುದಿಲ್ಲ. ಅದೇ ವೈರಿನಿಂದ ಉಳಿದ ಮೂರು ಮೀಟರಿಗೂ ಒಂದೊಂದು ಕವಲು ಕೊಡಿ. ಆಮೇಲೆ ಹೆಡ್‌ಲೈಟ್, ಡ್ಯಾಶ್‌ಲೈಟ್ ಎಲ್ಲ ಹಾಕಿ ಮೀಟರಿನ ಮೈಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ವೋಲ್ಟೇಜು ನೋಡಿ. 0.2ಕ್ಕಿಂತ ಕಡಿಮೆ ಇದ್ದರೆ ಕೆಲಸ ಆಯಿತು. ಹೆಚ್ಚಿದ್ದರೆ ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಇಂಜಿನ್ನಿಗೆ ಹೋಗುವ ದಪ್ಪ ಪಟ್ಟಿಗಳನ್ನೂ ಬಿಚ್ಚಿ ಉಜ್ಜಿ.

ಸ್ಟೆಬಿಲೈಸರೇ ಹೋಗಿದ್ದರೆ ಹಳೆಯ ನಮೂನೆಯದನ್ನು ಹುಡುಕುವುದಕ್ಕಿಂತ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕುವುದು ನನ್ನ ಮಟ್ಟಿಗೆ ಜಾಣತನ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 7810 ಎಂಬ ಮೂರು ಕಾಲಿನ ರೆಗ್ಯುಲೇಟರ್ ಪುಡಿಗಾಸಿಗೆ ಸಿಗುತ್ತದೆ. ಸಿಕ್ಕರೆ ಎಲ್‌ಎಂ 2940ರ 10 ವೋಲ್ಟಿನದನ್ನೇ ಆರಿಸಿ. ಅದು ವಾಹನಕ್ಕೆಂದೇ ಮಾಡಿದ್ದು, ಬ್ಯಾಟರಿ ತಿರುವುಮುರುವು ಹಾಕಿದರೂ, ಆಲ್ಟರ್ನೇಟರಿನಿಂದ ವೋಲ್ಟೇಜು ಒಮ್ಮೆಲೇ ಚಿಮ್ಮಿದರೂ ತಡೆಯುತ್ತದೆ. 7810ಕ್ಕೆ ಒಳಗೆ ಬರುವ ವೋಲ್ಟೇಜು 12ರ ಮೇಲೆ ಇರಬೇಕು. ಬ್ಯಾಟರಿ ಸ್ವಲ್ಪ ಇಳಿದಿದ್ದರೆ ಇಂಜಿನ್ ಚಾಲೂ ಆಗುವ ತನಕ ಮುಳ್ಳು ಕೊಂಚ ಕಡಿಮೆ ತೋರಿಸಬಹುದು. 7810 ಆದರೆ ಇನ್‌ಪುಟ್‌ಗೆ 0.33, ಔಟ್‌ಪುಟ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. 2940 ಆದರೆ ಇನ್‌ಪುಟ್‌ಗೆ 0.47, ಔಟ್‌ಪುಟ್‌ಗೆ ಕನಿಷ್ಠ 22. ಈ 22 ಬಿಟ್ಟರೆ ಅದು ಸ್ಥಿರವಾಗಿ ನಿಲ್ಲುವುದಿಲ್ಲ. ಎರಡರಲ್ಲೂ ಬೆನ್ನಿನ ಲೋಹವೇ ಅರ್ತ್, ಹಳೆಯ ಡಬ್ಬಿಯನ್ನು ಖಾಲಿ ಮಾಡಿ ಅದರೊಳಗೇ ಬೋಲ್ಟ್ ಹಾಕಬಹುದು. ಎರಡು ಮೀಟರು ಸೇರಿ ಎಳೆಯುವುದು ಕಾಲು ಆಂಪಿಯರ್‌ನ ಆಸುಪಾಸು, ಬಿಸಿಯ ಚಿಂತೆ ಇಲ್ಲ. ಪಾಸಿಟಿವ್ ಅರ್ತಿನ ಗಾಡಿಗೆ ಮಾತ್ರ ಇವೆರಡೂ ನಡೆಯುವುದಿಲ್ಲ.

ಹಸಿರು ವೈರನ್ನು ನೇರ ಮೀಟರಿಗೆ ಕೊಟ್ಟು ‘ಸದ್ಯಕ್ಕೆ ಓಡಲಿ’ ಎನ್ನುವ ಎಲೆಕ್ಟ್ರಿಷಿಯನ್ನರಿದ್ದಾರೆ, ಅದಕ್ಕೆ ಒಪ್ಪಬೇಡಿ. ಮುಳ್ಳು ಸುಳ್ಳು ಹೇಳುವುದಷ್ಟೇ ಅಲ್ಲ, ಒಳಗಿನ ಸುರುಳಿ ವರ್ಷಗಟ್ಟಲೆ ಬೆಂದು ಕೊನೆಗೆ ನಿಜಕ್ಕೂ ಮೀಟರು ಹೋಗುತ್ತದೆ. ಫ್ಯೂಸಿನ ವಿಷಯದಲ್ಲೂ ಹುಷಾರು. ಲ್ಯೂಕಾಸ್ ಕಂಪನಿಯ ಗಾಜಿನ ಫ್ಯೂಸಿನ ಮೇಲೆ 35 ಎಂದು ಬರೆದಿದ್ದರೆ ಅದು ಕರಗುವ ಅಂಕಿ. ಸತತವಾಗಿ ತಡೆಯುವುದು 17 ಆಂಪಿಯರ್ ಮಾತ್ರ. ಅಂಗಡಿಯಲ್ಲಿ 35 ಎಂದು ಕೇಳಿ ಹೊಸ ನಮೂನೆಯದನ್ನು ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಕರಗುತ್ತದೆ.

10 ವೋಲ್ಟ್ ಸರಿಯಾದ ಮೇಲೆ ಮೀಟರುಗಳನ್ನೇ ಪರೀಕ್ಷಿಸಿ. ಟ್ಯಾಂಕ್ ಯೂನಿಟ್ಟಿನಿಂದ ಕಪ್ಪು ಗೆರೆಯ ಹಸಿರು ವೈರು ಕಳಚಿ, ಅದಕ್ಕೂ ಬಾಡಿಗೂ ನಡುವೆ 68 ಓಮ್ ರೆಸಿಸ್ಟರ್ ಹಾಕಿ, ಒಂದು ನಿಮಿಷ ಕಾಯಿರಿ. ಮುಳ್ಳು ಅರ್ಧದ ಹತ್ತಿರ ನಿಲ್ಲಬೇಕು. 22 ಹಾಕಿದರೆ ಫುಲ್ ಹತ್ತಿರ, 270 ಹಾಕಿದರೆ ಖಾಲಿ ಹತ್ತಿರ. ವೈರನ್ನು ನೇರ ಬಾಡಿಗೆ ಮುಟ್ಟಿಸಿ ಮುಳ್ಳು ಏರುತ್ತದೆಯೇ ನೋಡುವುದು ಹಳೆಯ ಪದ್ಧತಿ. ಕೆಲವು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೆ ಹಿಡಿದರೆ ಸುರುಳಿಗೆ ಒಳ್ಳೆಯದಲ್ಲ, ರೆಸಿಸ್ಟರೇ ವಾಸಿ. ಮೂರಕ್ಕೂ ಮುಳ್ಳು ಸರಿಯಾಗಿ ನಿಂತರೆ ಮೀಟರೂ ವೈರೂ ಎರಡೂ ಗಟ್ಟಿ. ಮೂರರಲ್ಲೂ ಒಂದೇ ಅಳತೆಯಲ್ಲಿ ತಪ್ಪು ತೋರಿಸಿದರೆ ಮಾತ್ರ ಮೀಟರಿನ ಬೆನ್ನಿನ ಎರಡು ಸಣ್ಣ ತೂತಿನೊಳಗಿನ ಹಲ್ಲುಚಕ್ರ ತಿರುಗಿಸಿ ಹೊಂದಿಸಬಹುದು. ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಒಂದು ನಿಮಿಷ ಕಾಯುವ ತಾಳ್ಮೆ ಇದ್ದರೆ ಮಾತ್ರ ಕೈ ಹಾಕಿ.

ಮೀಟರು ಸರಿ, ಓದು ತಪ್ಪು ಎಂದರೆ ಟ್ಯಾಂಕ್ ಯೂನಿಟ್ಟು. ಅದರ ಮೈಗೂ ಬಾಡಿಗೂ ನಡುವೆ ಅರ್ಧ ಓಮ್‌ಗಿಂತ ಹೆಚ್ಚಿದ್ದರೆ ಅಲ್ಲಿಯೂ ಅರ್ತ್ ಸಡಿಲ. ಆಗ ಮುಳ್ಳು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹೊರತೆಗೆಯಬೇಕಾದರೆ ಬ್ಯಾಟರಿ ಕಳಚಿ, ಪೆಟ್ರೋಲನ್ನು ಯೂನಿಟ್ಟಿನ ಮಟ್ಟಕ್ಕಿಂತ ಕೆಳಗೆ ಇಳಿಸಿ, ಬಯಲಿನಲ್ಲಿ ಮಾಡಿ. ಮುಚ್ಚಿದ ಶೆಡ್ಡು, ವೈರಿನಲ್ಲಿ ನೇತು ಹಾಕಿದ ಬಲ್ಬು, ಹತ್ತಿರದಲ್ಲಿ ಬೀಡಿ ಇವ್ಯಾವುವೂ ಬೇಡ. ಉಂಗುರದ ಬೀಗವನ್ನು ಹಿತ್ತಾಳೆ ಅಥವಾ ಮರದ ಕಡ್ಡಿಯಿಂದ ತಟ್ಟಿ ತಿರುಗಿಸಿ, ಕಬ್ಬಿಣದ ಉಳಿಯಿಂದ ಕಿಡಿ ಬರುತ್ತದೆ. ಕೈಗೆ ಬಂದ ಮೇಲೆ ಓಮ್ ಮೀಟರ್ ಹಾಕಿ ತೋಳನ್ನು ನಿಧಾನವಾಗಿ ಆಡಿಸಿ. ಅಂಕಿ ನಡುವೆ ಎಲ್ಲೂ ಹಾರದೆ ಸರಾಗ ಇಳಿಯಬೇಕು. ಒಂದು ಕಡೆ ಹಾರಿದರೆ ಆ ಜಾಗದ ತಂತಿ ಸವೆದಿದೆ ಅಥವಾ ಜಿಡ್ಡು ಹಿಡಿದಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಬಟ್ಟೆಯಲ್ಲಿ ಒರೆಸಿ ಮತ್ತೆ ನೋಡಿ. ಫ್ಲೋಟನ್ನು (ತೋಳಿನ ತುದಿಯ ತೇಲುವ ಬುರುಡೆ) ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗುಳುಗುಳು ಎಂದರೆ ತೂತಾಗಿದೆ. ಕೂರಿಸುವಾಗ ಹಳೆಯ ರಬ್ಬರ್ ಉಂಗುರ ಮತ್ತೆ ಬಳಸಬೇಡಿ. ಈಗ ಬಂಕಿನಲ್ಲಿ ಸಿಗುವುದು ಇ20, ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು. ಅರುವತ್ತರ ದಶಕದ ರಬ್ಬರು ಅದಕ್ಕೆ ಉಬ್ಬಿ ಮೆತ್ತಗಾಗುತ್ತದೆ. ಎಥನಾಲ್ ತಡೆಯುವ ರಬ್ಬರೆಂದು ಕೇಳಿ ಕೊಳ್ಳಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಎಥನಾಲ್ ನೀರು ಹೀರಿ ಟ್ಯಾಂಕಿನೊಳಗಿನ ಲೋಹಕ್ಕೂ ತುಕ್ಕು ತರುತ್ತದೆ.

ಟೆಂಪರೇಚರಿಗೆ ಒಂದು ಎಚ್ಚರಿಕೆ. ಮುಳ್ಳು ಸುಳ್ಳು ಹೇಳುತ್ತಿದೆ ಎಂದು ಗೊತ್ತಾದ ಮಾತ್ರಕ್ಕೆ ಇಂಜಿನ್ ತಣ್ಣಗಿದೆ ಎಂದಲ್ಲ. ಇಂಜಿನ್ ನೀರಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟಿನ ಹೌಸಿಂಗಿಗೆ (ಹೊರಗೂಡಿಗೆ) ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ. 82 ಡಿಗ್ರಿಯ ಥರ್ಮೋಸ್ಟಾಟ್ ಇದ್ದರೆ ಓಡಾಡಿ ಬಂದಾಗ ಅದರ ಆಸುಪಾಸೇ ಇರಬೇಕು. ಹೊಳೆಯುವ ಅಲ್ಯುಮಿನಿಯಂ ಮೇಲೆ ಈ ಥರ್ಮಾಮೀಟರು ಕಡಿಮೆ ತೋರಿಸುತ್ತದೆ, ಒಂದು ತುಂಡು ಕಪ್ಪು ಟೇಪು ಅಂಟಿಸಿ ಅದರ ಮೇಲೆ ಹಿಡಿಯಿರಿ. ಸೆಂಡರನ್ನು ಬಿಚ್ಚಿ ನೀರಿನಲ್ಲಿ ಕುದಿಸಿಯೂ ನೋಡಬಹುದು. ತಣ್ಣಗಿರುವಾಗ ನೂರಾರು ಓಮ್, ನೀರು ಕಾದಂತೆ ಇಳಿದು ಕುದಿಯುವಾಗ ಕೆಲವೇ ಹತ್ತು ಓಮ್. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ, ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ ಎಂಬುದು ಲೆಕ್ಕದಲ್ಲಿರಲಿ. ಸೆಂಡರಿಗೆ ಅರ್ತ್ ಬರುವುದು ಅದರ ಮರೆಯ (ತಿರುಪಿನ ಗೆರೆಗಳ) ಮೂಲಕ. ನೀರು ಜಿನುಗಬಾರದೆಂದು ಬಿಳಿ ಪ್ಲಂಬರ್ ಟೇಪನ್ನು ಹತ್ತು ಸುತ್ತು ಸುತ್ತಿದರೆ ಮುಳ್ಳು ಏಳುವುದೇ ಇಲ್ಲ. ಬೇರೆ ಗಾಡಿಯ ಸೆಂಡರ್ ಮರೆಗೆ ಕೂತಿತೆಂದು ಹಾಕುವುದೂ ಬೇಡ, ಮರೆ ಒಂದೇ ಆದರೂ ಓಮ್ ಬೇರೆ. ಇಷ್ಟೆಲ್ಲ ಹೊಂದುವ ತನಕ ದೇವರಾಯನದುರ್ಗದ ಏರು ಹತ್ತಬೇಡಿ. ಹೊಂದಿದ ಮೇಲೆ ಆ ಏರೇ ಒಳ್ಳೆಯ ಪರೀಕ್ಷೆ: ಮುಳ್ಳು ಹತ್ತುವಾಗ ಸ್ವಲ್ಪ ಏರಿ, ಇಳಿಯುವಾಗ ಮತ್ತೆ ಜಾಗಕ್ಕೆ ಬರಬೇಕು.

ಇನ್ನು ಕೇಬಲ್ಲಿನ ಮೀಟರು. ಸ್ಪೀಡೋ ಒಳಗೆ ತಿರುಗುವ ಅಯಸ್ಕಾಂತ, ಅದನ್ನು ಮುಟ್ಟದೆ ಸುತ್ತುವರಿದ ಅಲ್ಯುಮಿನಿಯಂ ಬಟ್ಟಲು, ಅದಕ್ಕೊಂದು ಕೂದಲಿನಷ್ಟು ಸಣ್ಣ ಸ್ಪ್ರಿಂಗು. ಇಲ್ಲಿ ಕೆಡುವುದು ಅಪರೂಪ. ಮುಳ್ಳು ಕುಣಿದರೆ ಹತ್ತರಲ್ಲಿ ಒಂಬತ್ತು ಬಾರಿ ಕೇಬಲ್ಲು. ಹೊಸದಾದರೂ ತಿರುವಿನಲ್ಲಿ 15 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿದ್ದರೆ ಒಳತಂತಿ ಸಿಕ್ಕಿಕೊಂಡು ಬಿಡುತ್ತ ತಿರುಗುತ್ತದೆ, ಮುಳ್ಳು ಅದಕ್ಕೆ ತಕ್ಕಂತೆ ಕುಣಿಯುತ್ತದೆ. ಮೀಟರಿನ ಹಿಂದೆ ಸಡಿಲಿಸಿ ಒಳತಂತಿಯನ್ನು ಎಳೆದು ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ನೆಲದ ಗ್ರಾನೈಟ್ ಮೇಲೆ ಉರುಳಿಸಿ ನೋಡಿ. ಒಂದು ಕಡೆ ಎಗರಿದರೆ ಅಲ್ಲಿ ಮಡಿಕೆ ಬಿದ್ದಿದೆ, ನೆಟ್ಟಗೆ ಮಾಡಲು ಬರುವುದಿಲ್ಲ. ಸರಿಯಾಗಿದ್ದರೆ ತೆಳುವಾಗಿ ಗ್ರೀಸ್ ಸವರಿ ಪೂರ್ತಿ ಒಳಗೆ ಬಿಟ್ಟು, ಮತ್ತೆ 20 ಸೆಂಟಿಮೀಟರ್ ಹೊರಗೆಳೆದು ಆ ಭಾಗದ ಗ್ರೀಸನ್ನು ಪೂರ್ತಿ ಒರೆಸಿಬಿಡಿ. ಒರೆಸದಿದ್ದರೆ ತಿರುಗುವ ತಂತಿ ಗ್ರೀಸನ್ನು ಮೇಲಕ್ಕೆ ಹತ್ತಿಸಿ ಮೀಟರಿನ ಬಟ್ಟಲಿಗೆ ತುಂಬುತ್ತದೆ, ಆಗ ಮುಳ್ಳು 90ಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಒಳತಂತಿಯ ಚೌಕ ತುದಿ ಕವಚದಿಂದ ಸುಮಾರು 10 ಮಿಲಿಮೀಟರ್ ಹೊರಗಿರಬೇಕು. ಕಡಿಮೆ ಇದ್ದರೆ ಜಾರುತ್ತದೆ, ಹೆಚ್ಚಿದ್ದರೆ ಮೀಟರನ್ನು ಒತ್ತುತ್ತದೆ. ಹೊಸ ಕೇಬಲ್ಲೂ ಬೇಗ ಕಡಿದರೆ ಗೇರ್‌ಬಾಕ್ಸಿನ ಬಳಿ ಆ್ಯಂಗಲ್ ಡ್ರೈವ್ (ಕೇಬಲ್ಲಿನ ದಿಕ್ಕನ್ನು ಅಡ್ಡಕ್ಕೆ ತಿರುಗಿಸುವ ಸಣ್ಣ ಗೇರಿನ ಡಬ್ಬಿ) ಇದೆಯೇ, ಇದ್ದರೆ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡಿ.

ಆರ್‌ಪಿಎಂ ಮೀಟರಿಗೂ ಇದೇ ಚಿಕಿತ್ಸೆ, ಅದರ ಕೇಬಲ್ಲು ಡಿಸ್ಟ್ರಿಬ್ಯೂಟರಿನ ಬುಡದಿಂದ ಬರುತ್ತದೆ. ಕಿರ್ ಸದ್ದು ಕೇಬಲ್ ಬಿಚ್ಚಿದಾಗ ನಿಂತರೆ ಮೀಟರಿನ ಕುತ್ತಿಗೆಯ ಬುಷ್ ಒಣಗಿದೆ ಎಂದರ್ಥ. ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು, ಸೂಜಿಯ ತುದಿಯಲ್ಲಿ. ಸ್ಪ್ರೇ ಡಬ್ಬಿ ತಂದು ಪಿಚಕಾರಿ ಹೊಡೆಯುವುದು ಮೀಟರನ್ನು ಕೊಲ್ಲುವ ಖಚಿತ ದಾರಿ.

ಕುಣಿತ ನಿಂತ ಮೇಲೂ ಸ್ಪೀಡು ತಪ್ಪು ಎನಿಸಿದರೆ ಮೊದಲು ಟೈರು ನೋಡಿ. 145 ಅಗಲದ 13 ಇಂಚು ರೇಡಿಯಲ್ಲಿನ ಜಾಗದಲ್ಲಿ ಸುಲಭವಾಗಿ ಸಿಗುವ 165/80 ಹಾಕಿದ್ದರೆ ಚಕ್ರದ ವ್ಯಾಸ ಶೇಕಡ 5ಕ್ಕಿಂತ ಸ್ವಲ್ಪ ಹೆಚ್ಚುತ್ತದೆ. ಮುಳ್ಳು 60 ಮೈಲಿ ಎಂದರೆ ನೀವು ಗಂಟೆಗೆ 97 ಅಲ್ಲ, 102 ಕಿಲೋಮೀಟರಿನಲ್ಲಿದ್ದೀರಿ. ಡಯಲ್ಲಿನ ಕೆಳಗೆ ಸಣ್ಣದಾಗಿ ಒಂದು ಅಂಕಿ ಅಚ್ಚಾಗಿರುತ್ತದೆ, ಅದು ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ. ಕೇಬಲ್ಲನ್ನು ಮೀಟರಿನಿಂದ ಬಿಡಿಸಿ, ಒಳತಂತಿಯ ತುದಿಗೆ ಕಾಗದದ ಬಾವುಟ ಅಂಟಿಸಿ, ಸಮತಟ್ಟು ಜಾಗದಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿ 16.09 ಮೀಟರ್ ನೆಟ್ಟಗೆ ತಳ್ಳಿ. ಎಣಿಸಿದ ಸುತ್ತನ್ನು 100ರಿಂದ ಗುಣಿಸಿ: ಹನ್ನೆರಡು ಪೂರ್ತಿ ಮತ್ತು ಮುಕ್ಕಾಲಿಗಿಂತ ತುಸು ಹೆಚ್ಚು ಬಂದರೆ 1280. ಡಯಲ್ಲಿನ ಅಂಕಿಗೂ ಇದಕ್ಕೂ ದೊಡ್ಡ ಅಂತರವಿದ್ದರೆ ಗಾಡಿಯ ಡಿಫರೆನ್ಷಿಯಲ್ಲೋ ಸ್ಪೀಡೋನೋ ಎಂದೋ ಬದಲಾಗಿದೆ.

ಇಂಗ್ಲೆಂಡಿನಿಂದ ಏನಾದರೂ ತರಿಸುವುದಿದ್ದರೆ ಟ್ಯಾಂಕ್ ಯೂನಿಟ್ಟಿನ ರಬ್ಬರ್ ಉಂಗುರ, ಸವೆದಿದ್ದರೆ ಯೂನಿಟ್ಟು, ಸರಿಯಾದ ಟೆಂಪರೇಚರ್ ಸೆಂಡರ್, ಮೀಟರಿನ ಗಾಜಿನಂಚಿನ ಸೀಲ್ ಇಷ್ಟು ತರಿಸಿ. 12 ವೋಲ್ಟ್, 2.2 ವ್ಯಾಟಿನ ಮರೆಯ ಬಲ್ಬು ಇಲ್ಲೇ ಸಿಗುತ್ತದೆ. ಡ್ಯಾಶ್‌ಲೈಟಿಗೆ ಎಲ್‌ಇಡಿ ಹಾಕಿದರೆ ತೊಂದರೆಯಿಲ್ಲ. ಆದರೆ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದ್ದರೆ ಕೆಂಪು ಚಾರ್ಜಿಂಗ್ ದೀಪಕ್ಕೆ ಹಳೆಯ ಬಲ್ಬನ್ನೇ ಬಿಡಿ. ಆಲ್ಟರ್ನೇಟರ್ ಚಾರ್ಜ್ ಶುರುಮಾಡಲು ಬೇಕಾದ ಮೊದಲ ಕರೆಂಟು ಹೋಗುವುದು ಆ ಬಲ್ಬಿನ ಮೂಲಕವೇ.